ಬಾಯಾರಿಕೆಯೂ ಬಾಯೊಣಗುವುದೂ



ನಾವು ಮೈಸೂರು ಸೀಮೆಯವರು 'ಬಾಯಾರಿಕೆ' ಎನ್ನುತ್ತೇವೆ. ಉತ್ತರ ಕರ್ನಾಟಕದ ಬಂಧುಗಳು ಅದನ್ನೇ 'ನೀರಡಿಕೆ' ಎನ್ನುತ್ತಾರೆ. ಒಂದು ಮಾತಿನಲ್ಲಿ ಬಾಯಿ ಇದೆ, ಇನ್ನೊಂದರಲ್ಲಿ ನೀರು ಇದೆ. ಎರಡಕ್ಕೂ ಅರ್ಥ ಒಂದೇ ಎಂದು ನಾನು ತರಗತಿಯಲ್ಲಿ ವರ್ಷಗಟ್ಟಲೆ ಹೇಳಿಕೊಟ್ಟಿದ್ದೇನೆ. ನಿಘಂಟಿನ ಮಟ್ಟಿಗೆ ಅದು ಸರಿ. ದೇಹದ ಮಟ್ಟಿಗೆ ಪೂರ್ತಿ ಸರಿಯಲ್ಲ. ಮೈಗೆ ನೀರು ಸಾಲದೆ ಹೋಗುವುದು ಒಂದು ಸಂಗತಿ, ಬಾಯಿ ಒಣಗುವುದು ಇನ್ನೊಂದು ಸಂಗತಿ. ಈ ಭೇದವನ್ನು ನಾನು ಕಲಿತದ್ದು ಯಾವ ಗ್ರಂಥದಿಂದಲೂ ಅಲ್ಲ, ನಮ್ಮ ಮನೆಯಲ್ಲಿ ನಡೆದ ಎರಡು ಪ್ರಸಂಗಗಳಿಂದ.

ಮೊದಲನೆಯದು ನನ್ನದೇ. ಹೋದ ಚಳಿಗಾಲದಲ್ಲಿ ಪಾಠ ಮಾಡುತ್ತಿದ್ದಂತೆಯೇ ನಾಲಗೆ ಅಂಗುಳಕ್ಕೆ ಅಂಟಿಕೊಳ್ಳತೊಡಗಿತು. ಮೇಜಿನ ಮೇಲೆ ಒಂದು ಚೊಂಬು ನೀರು ಇಟ್ಟುಕೊಂಡೆ. ಚೊಂಬು ಬರಿದಾಯಿತೇ ಹೊರತು ಬಾಯಿ ನೆನೆಯಲಿಲ್ಲ. ಮನೆಯಲ್ಲಿ ರಾಗಿಮುದ್ದೆಯ ಮುಂದೆ ಕುಳಿತಾಗ ಕಷ್ಟ ಇನ್ನೂ ಸ್ಪಷ್ಟವಾಯಿತು. ಮುದ್ದೆಯನ್ನು ನಾವು ಅಗಿಯುವವರಲ್ಲ. ಮುರಿದು, ಸಾರಿನಲ್ಲಿ ಹೊರಳಿಸಿ ನುಂಗುವವರು. ಸಾರು ಎಷ್ಟು ಹಾಕಿಸಿಕೊಂಡರೂ ತುತ್ತು ಗಂಟಲಲ್ಲಿ ತಡೆಯುತ್ತಿತ್ತು. ಗಂಟೆಗಟ್ಟಲೆ ಮಾತನಾಡುವ ಮೇಷ್ಟರಿಗೆ ಇದು ಸಹಜವೆಂದು ಎಲ್ಲರೂ ಸಮಾಧಾನ ಹೇಳಿದರು.

ಇದರ ಕಾರಣ ತಿಳಿಯಬೇಕಾದರೆ ಬಾಯಿಯ ತೇವ ಎಲ್ಲಿಂದ ಬರುತ್ತದೆಂದು ಮೊದಲು ನೋಡಬೇಕು. ಹುಣಿಸೆಕಾಯಿ ಕಂಡರೆ 'ಬಾಯಲ್ಲಿ ನೀರೂರಿತು' ಎನ್ನುತ್ತೇವೆ. ಎಂಥ ನಿಷ್ಕೃಷ್ಟವಾದ ಮಾತು! ನೀರು ಸುರಿಯಿತು ಎನ್ನಲಿಲ್ಲ, ಊರಿತು ಎಂದರು. ಬೇಸಗೆಯಲ್ಲಿ ಹೇಮಾವತಿಯ ಮರಳು ತೋಡಿದರೆ ಒರತೆ ಊರುವಂತೆ ಬಾಯಿಯಲ್ಲಿ ಜೊಲ್ಲು ಊರುತ್ತದೆ. ಕಿವಿಯ ಮುಂದೆ ಒಂದು ಜೊತೆ, ದವಡೆಯ ಕೆಳಗೆ ಒಂದು ಜೊತೆ, ನಾಲಗೆಯ ಅಡಿಯಲ್ಲಿ ಒಂದು ಜೊತೆ, ಹೀಗೆ ಮೂರು ಜೊತೆ ದೊಡ್ಡ ಗ್ರಂಥಿಗಳು. ತುಟಿ, ಕೆನ್ನೆ, ಅಂಗುಳಗಳ ಒಳಪದರದಲ್ಲಿ ನೂರಾರು ಕಿರುಗ್ರಂಥಿಗಳು. ಇವೆಲ್ಲ ಸೇರಿ ದಿನಕ್ಕೆ ಸುಮಾರು ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ಜೊಲ್ಲನ್ನು ಸುರಿಸುತ್ತವೆ. ಅದರಲ್ಲಿ ನೂರಕ್ಕೆ 99 ಪಾಲು ನೀರೇ. ಆದರೆ ಉಳಿದ ಒಂದು ಪಾಲಿನಲ್ಲಿ ಲೋಳೆ ಇದೆ, ಲವಣಗಳಿವೆ, ಅನ್ನದ ಪಿಷ್ಟವನ್ನು ಒಡೆಯುವ ರಸವಿದೆ, ಹಲ್ಲನ್ನು ಕಾಯುವ ಸತ್ವವಿದೆ. ಆ ಲೋಳೆಯ ದೆಸೆಯಿಂದಲೇ ಜೊಲ್ಲು ಬಾಯಿಯ ಒಳಪದರಕ್ಕೆ ಅಂಟಿ ನಿಲ್ಲುತ್ತದೆ. ಕುಡಿದ ನೀರಾದರೋ ಜಾರಿ ಹೊಟ್ಟೆಗೆ ಹೋಗುತ್ತದೆ. ಒರತೆ ಬತ್ತಿದಾಗ ಮರಳಿನ ಮೇಲೆ ಕೊಡಗಟ್ಟಲೆ ನೀರು ಹೊಯ್ದರೆ ಎಷ್ಟು ಹೊತ್ತು ನಿಂತೀತು?

ಹಾಗಾದರೆ ಒರತೆ ಬತ್ತುವುದೇಕೆ? ಬಿಸಿಲು, ಬೆವರು, ಜ್ವರ, ಭೇದಿಗಳಿಂದ ಮೈಯ ನೀರು ಇಳಿದಿದ್ದರೆ ನೀರು ಕುಡಿದ ಮೇಲೆ ಬಾಯಿ ಸರಿಹೋಗುತ್ತದೆ. ಕುಡಿದರೂ ಸರಿಹೋಗದಿದ್ದರೆ ಮೊದಲು ಸಂಶಯಪಡಬೇಕಾದ್ದು ನಾವು ನುಂಗುವ ಮಾತ್ರೆಗಳನ್ನು. ಉಮ್ಮತ್ತಿಯ ಕಾಯಿ ತಿಂದವರ ಬಾಯಿ ಒಣಗುವುದನ್ನು ನಮ್ಮ ಹಿರಿಯರು ಬಲ್ಲರು. ಅದರಲ್ಲಿರುವ ವಿಷವು ಗ್ರಂಥಿಗಳಿಗೆ ನರಗಳು ಕೊಡುವ ಅಪ್ಪಣೆಯನ್ನು ತಡೆದುಬಿಡುತ್ತದೆ. ನೆಗಡಿಗೂ ಸೀನಿಗೂ ಕೊಡುವ ಹಳೆಯ ತರದ ಮಾತ್ರೆಗಳಲ್ಲಿ ಈ ಗುಣ ಸ್ವಲ್ಪ ಮಟ್ಟಿಗೆ ಉಂಟು. ಮನೋವ್ಯಾಕುಲತೆಯ ಕೆಲವು ಮಾತ್ರೆಗಳು, ಪದೇ ಪದೇ ಮೂತ್ರಕ್ಕೆ ಹೋಗುವುದನ್ನು ತಡೆಯುವ ಮಾತ್ರೆಗಳು, ರಕ್ತದೊತ್ತಡಕ್ಕೆ ಕೊಡುವ ಮೂತ್ರ ಹೆಚ್ಚಿಸುವ ಮಾತ್ರೆಗಳೂ ಬಾಯನ್ನು ಒಣಗಿಸಬಲ್ಲವು. ವಯಸ್ಸಾದವರಲ್ಲಿ ಬಾಯಿ ಒಣಗುವುದನ್ನು ನಾವು ಮುಪ್ಪಿನ ತಲೆಗೆ ಕಟ್ಟುತ್ತೇವೆ. ಅನೇಕ ವೇಳೆ ತಪ್ಪು ಮುಪ್ಪಿನದಲ್ಲ, ಮುಪ್ಪಿನ ಜೊತೆಗೆ ಬಂದ ಮಾತ್ರೆಗಳದು.

ನನ್ನ ಪ್ರಸಂಗವೂ ಇದೇ ಆಗಿತ್ತು. ವೈದ್ಯರು ನಾಲಗೆ ನೋಡುವುದಕ್ಕೆ ಮುಂಚೆ, 'ಏನು ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಮೇಷ್ಟ್ರೇ?' ಎಂದು ಕೇಳಿದರು. ಸೀಮೆಸುಣ್ಣದ ಧೂಳಿಗೆ ಸೀನು ಬರುತ್ತದೆಂದು ನಾನೇ ಅಂಗಡಿಯಲ್ಲಿ ಕೇಳಿ ತಂದು, ಎರಡು ತಿಂಗಳಿಂದ ದಿನವೂ ನುಂಗುತ್ತಿದ್ದ ಮಾತ್ರೆಯ ಕಥೆ ಹೊರಬಿತ್ತು. ಮೂಗಿನ ನೀರನ್ನು ನಿಲ್ಲಿಸುವ ಮಾತ್ರೆಗೆ ಮೂಗು ಯಾವುದು, ಬಾಯಿ ಯಾವುದು ಎಂಬ ವಿವೇಚನೆ ಇರುವುದಿಲ್ಲವಷ್ಟೆ. ಅವರು ಅದನ್ನು ಬದಲಾಯಿಸಿದರು. ವಾರದಲ್ಲಿ ಮುದ್ದೆ ಸಲೀಸಾಗಿ ಇಳಿಯಿತು.

ಎರಡನೆಯ ಪ್ರಸಂಗ ಇಷ್ಟು ಸುಲಭವಾಗಿ ಮುಗಿಯಲಿಲ್ಲ. ಕಿಕ್ಕೇರಿಯ ಕಡೆ ಹಳ್ಳಿಯಲ್ಲಿರುವ ನಮ್ಮ ಅತ್ತಿಗೆಯವರಿಗೂ ಬಾಯಿ ಒಣಗುತ್ತಿತ್ತು. ರಾತ್ರಿ ತಲೆದೆಸೆಯಲ್ಲಿ ತಂಬಿಗೆ ಇಟ್ಟುಕೊಂಡು ಮಲಗುವರು. ನಾಲ್ಕೈದು ಸಲ ಎದ್ದು ಹೊರಗೆ ಹೋಗಿ ಬರುವರು. 'ಉಷ್ಣ ಆಗಿದೆ, ನೀರು ಕುಡಿಯಿರಿ ಅತ್ತಿಗೆ' ಎಂದು ಹೇಳಿದವರಲ್ಲಿ ನಾನೂ ಒಬ್ಬ. ಅವರು ಕುಡಿಯುತ್ತಲೇ ಇದ್ದರು. ಗದ್ದೆಯ ಬದುವಿನಲ್ಲಿ ಕಾಲಿಗೆ ಆದ ಸಣ್ಣ ಗಾಯ ತಿಂಗಳಾದರೂ ಮಾಯದಿದ್ದಾಗ ಆಸ್ಪತ್ರೆಗೆ ಕರೆದೊಯ್ದೆವು. ಸಕ್ಕರೆ ಕಾಯಿಲೆ ಬಹಳ ಮುಂದುವರಿದಿತ್ತು. ಅವರು ಬದುಕಿಕೊಂಡರು, ಆದರೆ ಎರಡು ಬೆರಳುಗಳನ್ನು ತೆಗೆಯಬೇಕಾಯಿತು.

ರಕ್ತದಲ್ಲಿ ಸಕ್ಕರೆ ಮಿತಿಮೀರಿದಾಗ ಅದು ಮೂತ್ರದಲ್ಲಿ ಇಳಿಯುತ್ತದೆ. ಇಳಿಯುವಾಗ ನೀರನ್ನೂ ತನ್ನೊಡನೆ ಎಳೆದುಕೊಂಡು ಹೋಗುತ್ತದೆ. ಮೈಯ ನೀರು ಹೀಗೆ ಸೋರಿದ್ದರಿಂದ ಬಾಯಿ ಒಣಗುತ್ತದೆ, ದಾಹವಾಗುತ್ತದೆ. ಎಷ್ಟು ಕುಡಿದರೂ ತೂತಿನ ಕೊಡ ತುಂಬುವಂತಿಲ್ಲ. ಬರಿ ಹೊಟ್ಟೆಯಲ್ಲಿ ತೆಗೆದ ರಕ್ತದಲ್ಲಿ ಸಕ್ಕರೆ 126 ಮಿಲಿಗ್ರಾಂ ಅಥವಾ ಅದಕ್ಕೆ ಮೇಲ್ಪಟ್ಟು ಇದ್ದರೆ, ಮತ್ತೊಮ್ಮೆ ಪರೀಕ್ಷಿಸಿ ಕಾಯಿಲೆಯನ್ನು ಖಚಿತಪಡಿಸಿಕೊಳ್ಳುತ್ತಾರೆ. ಬೆರಳ ತುದಿಯ ಒಂದು ಹನಿ ರಕ್ತದಿಂದಲೇ ಮೊದಲ ಸುಳಿವು ಸಿಕ್ಕುವ ಕಾಲದಲ್ಲಿ ನಾವು ತಂಬಿಗೆಯನ್ನು ತುಂಬಿಸುತ್ತ ಕುಳಿತಿದ್ದೆವು.

ಇನ್ನೂ ಕೆಲವು ಕಾರಣಗಳಿವೆ. ಬೆಳಗ್ಗೆ ಏಳುವಾಗ ಮಾತ್ರ ಬಾಯಿ ಒಣಗಿದ್ದರೆ, ಮೂಗು ಕಟ್ಟಿಯೋ ಗೊರಕೆಯಿಂದಲೋ ರಾತ್ರಿಯೆಲ್ಲ ಬಾಯಿಯಿಂದ ಉಸಿರಾಡಿರಬಹುದು. ನಿದ್ರೆಯಲ್ಲಿ ಜೊಲ್ಲು ಊರುವುದು ಹೇಗೂ ತೀರ ಕಡಿಮೆ. ಹೊಗೆಸೊಪ್ಪು, ಬೀಡಿ, ಮದ್ಯಗಳೂ ಬಾಯನ್ನು ಒಣಗಿಸುತ್ತವೆ. ಭಯವೂ ಒಣಗಿಸುತ್ತದೆ. ನಮ್ಮ ಧರ್ಮಶಾಸ್ತ್ರಗಳಲ್ಲಿ 'ತಂಡುಲ ದಿವ್ಯ'ವೆಂಬ ಒಂದು ಪರೀಕ್ಷೆ ಉಂಟು. ಕಳವಿನ ಆಪಾದನೆ ಬಂದವನಿಗೆ ಅಕ್ಕಿ ಅಗಿಯಲು ಕೊಟ್ಟು, ಉಗುಳಿದ್ದನ್ನು ನೋಡುತ್ತಿದ್ದರು. ಅಳುಕಿದವನ ಬಾಯಲ್ಲಿ ತೇವವಿರುವುದಿಲ್ಲ. ಆದರೆ ನಿರಪರಾಧಿಯೂ ಅಳುಕಬಹುದಲ್ಲವೆ? ಪರೀಕ್ಷೆಯ ದಿನ ನಮ್ಮ ಮಕ್ಕಳನ್ನು ನೋಡಿದರೆ ಸಾಕು.

ಬಾಯಿಯ ಜೊತೆಗೆ ಕಣ್ಣೂ ಒಣಗಿ ಮರಳು ಬಿದ್ದಂತೆ ಉರಿಯುತ್ತಿದ್ದರೆ ಅದು ಬೇರೆ ಜಾತಿಯದು. ಸ್ವೀಡನ್ ದೇಶದ ನೇತ್ರವೈದ್ಯ ಹೆನ್ರಿಕ್ ಷೋಗ್ರೆನ್ ಎಂಬವರು 1933ರಲ್ಲಿ ವಿವರಿಸಿದ ಈ ರೋಗದಲ್ಲಿ, ಮೈಯ ರಕ್ಷಣಾಶಕ್ತಿಯೇ ತಪ್ಪಿ ಜೊಲ್ಲಿನ ಮತ್ತು ಕಣ್ಣೀರಿನ ಗ್ರಂಥಿಗಳ ಮೇಲೆ ಬೀಳುತ್ತದೆ. ಇದು ಹೆಚ್ಚಾಗಿ ನಡುವಯಸ್ಸಿನ ಹೆಂಗಸರಲ್ಲಿ ಕಾಣುತ್ತದೆ. ತಲೆ, ಕುತ್ತಿಗೆಗಳ ಕ್ಯಾನ್ಸರಿಗೆ ಕಿರಣ ಚಿಕಿತ್ಸೆ ಆದವರಲ್ಲಿಯೂ ಗ್ರಂಥಿಗಳು ಬತ್ತುವುದುಂಟು.

ಅಂತೂ ಮಾಡಬೇಕಾದ್ದೇನು? ಎರಡು ಮೂರು ವಾರ ನೀರು ಕುಡಿದರೂ ಬಾಯಿ ಒಣಗುತ್ತಲೇ ಇದ್ದರೆ, ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ವೈದ್ಯರಲ್ಲಿಗೆ ಹೋಗಿ. ಅವರು ಬರೆದುಕೊಟ್ಟ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಸಕ್ಕರೆಯ ಪರೀಕ್ಷೆ ಮಾಡಿಸಿ. ದಾಹ ಮಿತಿಮೀರಿ, ಮೈ ಇಳಿಯುತ್ತ, ಮೂತ್ರ ಹೆಚ್ಚಾಗಿದ್ದರೆ ವಾರಗಳನ್ನು ಎಣಿಸದೆ ಅಂದೇ ಹೊರಡಿ. ಅಲ್ಲಿಯವರೆಗೆ ಗಟಗಟನೆ ಕುಡಿಯುವುದಕ್ಕಿಂತ ಗುಟುಕು ಗುಟುಕಾಗಿ ಕುಡಿಯುವುದು ಲೇಸು. ಹೃದಯ, ಮೂತ್ರಪಿಂಡಗಳ ಕಾಯಿಲೆ ಇರುವವರು ವೈದ್ಯರು ಹೇಳಿದ ಅಳತೆಯನ್ನು ಮೀರಬಾರದು. ಸಕ್ಕರೆ ಮಿಠಾಯಿ ಚೀಪುತ್ತ ಬಾಯಿ ನೆನೆಸಿಕೊಳ್ಳಬೇಡಿ. ಜೊಲ್ಲಿನ ಕಾವಲಿಲ್ಲದ ಹಲ್ಲು ಬೇಗ ಹುಳುಕಾಗುತ್ತದೆ.

ನಮ್ಮ ಅತ್ತಿಗೆಯವರ ತಲೆದೆಸೆಯಲ್ಲಿ ಈಗಲೂ ತಂಬಿಗೆ ಇರುತ್ತದೆ. ಬೆಳಗ್ಗೆ ಅದು ಬಹುಮಟ್ಟಿಗೆ ತುಂಬಿಯೇ ಇರುತ್ತದೆಂದು ಅವರು ಸಂತೋಷದಿಂದ ಹೇಳುತ್ತಾರೆ. ನಿಮ್ಮ ಮನೆಯಲ್ಲಿ ಯಾರ ತಂಬಿಗೆಯಾದರೂ ರಾತ್ರಿ ಬೆಳಗಾಗುವುದರೊಳಗೆ ಬರಿದಾಗುತ್ತಿದ್ದರೆ, ಅದನ್ನು ಮತ್ತೆ ತುಂಬುವ ಮುನ್ನ, ಏಕೆ ಬರಿದಾಯಿತು ಎಂದು ಒಂದು ಮಾತು ಕೇಳಿ. ನಾನು ಕೇಳಲಿಲ್ಲ.