ಬೈಗುಳದ ಭಯ ಮತ್ತು ಬರೆಯದೆ ಉಳಿದ ಸುದ್ದಿ
(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)

 

ಪತ್ರಕರ್ತರಾಗಬೇಕೆಂಬ ಆಸೆ ನಮ್ಮ ಮಕ್ಕಳಲ್ಲಿ ಈಗೀಗ ಚಿಗುರುತ್ತಿದೆ. ಅದರಲ್ಲೂ ಹೆಣ್ಣುಮಕ್ಕಳು ಕೇಳುತ್ತಾರೆ. ಆಗ ಮನೆಯವರ ಮೊದಲ ಮಾತು, "ಬೇಡವ್ವಾ, ಮೊಬೈಲಿನಾಗ ಮಂದಿ ಏನೇನೋ ಬರೀತಾರ" ಎಂಬುದು. ಈ ಭಯ ಸುಳ್ಳಲ್ಲ. ಆದ್ದರಿಂದಲೇ ಇದೇ ವಿಷಯವನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ.

ಹಿಂದೆಯೂ ಸಂಪಾದಕರಿಗೆ ಬೈಗುಳದ ಪತ್ರಗಳು ಬರುತ್ತಿದ್ದವು. ಅಂಚೆಯಲ್ಲಿ ಬಂದದ್ದು ಕಸದ ಬುಟ್ಟಿಗೆ ಹೋಗುತ್ತಿತ್ತು. ಇಂದು ಹಾಗಲ್ಲ. ಒಂದು ವರದಿ ಬಂದ ಗಂಟೆಯೊಳಗೆ ನೂರಾರು ಸಂದೇಶಗಳು ನೇರವಾಗಿ ವರದಿಗಾರನ ಕೈಯಲ್ಲಿರುವ ಫೋನಿಗೇ ಬರುತ್ತವೆ. ಹೆಂಡತಿ ಮಕ್ಕಳ ಫೋಟೋ, ಮನೆಯ ವಿಳಾಸ ಎಲ್ಲವೂ ಹೊರಬೀಳುತ್ತವೆ. ಬೆಂಗಳೂರಿನ ವರದಿಗಾರನಿಗೆ ಬೈಯುವವರು ಅಪರಿಚಿತರು. ತಾಲೂಕಿನ ವರದಿಗಾರನಿಗೆ ಬೈಯುವವರು ನಾಳೆ ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಚಹಾ ಅಂಗಡಿಯಲ್ಲಿ ಎದುರು ಕೂಡುವವರು. ನಮ್ಮದು ಗಡಿ ಭಾಗ. ಬೈಗುಳ ಕನ್ನಡದಲ್ಲೂ ಬರುತ್ತದೆ, ಮರಾಠಿಯಲ್ಲೂ ಬರುತ್ತದೆ.

ಇದರ ಪರಿಣಾಮ ಪತ್ರಿಕೆಯಲ್ಲಿ ಕಾಣುವುದಿಲ್ಲ, ಏಕೆಂದರೆ ಬರೆಯದೆ ಬಿಟ್ಟ ಸುದ್ದಿ ಯಾರ ಕಣ್ಣಿಗೂ ಬೀಳುವುದಿಲ್ಲ. ಹೆದರಿದ ವರದಿಗಾರ ಮೊದಲು ತನ್ನ ಹೆಸರನ್ನು ತೆಗೆಯಿರಿ ಎನ್ನುತ್ತಾನೆ. ನಂತರ ಶೀರ್ಷಿಕೆ ಮೆತ್ತಗಾಗುತ್ತದೆ. ಕೊನೆಗೆ "ಈ ಸುದ್ದಿ ನಮಗ್ಯಾಕೆ ಬೇಕು" ಎಂದು ಅವನೇ ಸುಮ್ಮನಾಗುತ್ತಾನೆ. 2019ರ ಆಗಸ್ಟ್‌ನಲ್ಲಿ ಕೃಷ್ಣೆಯ ಮಹಾಪೂರ ಬಂದಾಗ ನಮ್ಮ ನದಿ ತೀರದ ಹಳ್ಳಿಗಳು ಮುಳುಗಿದವು. ಪರಿಹಾರ ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ. ಕಬ್ಬಿನ ಬಾಕಿ ಎಷ್ಟು ಉಳಿದಿದೆ. ಬೀಡಿ ಕಟ್ಟುವ ತಾಯಂದಿರಿಗೆ ಕೂಲಿ ಸರಿಯಾಗಿ ಸಂದಿದೆಯೇ – ಇಂಥ ಸುದ್ದಿ ನಿಂತರೆ ನಷ್ಟ ವರದಿಗಾರನಿಗಲ್ಲ, ನಮಗೆ.

ಇದು ನಮ್ಮ ಊರಿನ ಕಥೆ ಮಾತ್ರವಲ್ಲ. 125 ದೇಶಗಳ ಪತ್ರಕರ್ತರನ್ನು ಕೇಳಿ ಯುನೆಸ್ಕೋ ನಡೆಸಿದ ಸಮೀಕ್ಷೆಯ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಉತ್ತರಿಸಿದ ಪತ್ರಕರ್ತೆಯರಲ್ಲಿ ಶೇಕಡಾ 73ರಷ್ಟು ಮಂದಿ ಅಂತರ್ಜಾಲದಲ್ಲಿ ಕಿರುಕುಳ ಅನುಭವಿಸಿದ್ದರು. ಶೇಕಡಾ 30ರಷ್ಟು ಮಂದಿ ಸಾಮಾಜಿಕ ಜಾಲತಾಣಗಳಲ್ಲಿ ತಮ್ಮ ಮಾತಿಗೆ ತಾವೇ ಕಡಿವಾಣ ಹಾಕಿಕೊಂಡಿದ್ದರು. ಶೇಕಡಾ 20ರಷ್ಟು ಮಂದಿಗೆ ಆ ಕಿರುಕುಳ ಜಾಲತಾಣ ದಾಟಿ ಹೊರಗೂ ಬಂದಿತ್ತು.

ನಮ್ಮ ನಾಡಿನಲ್ಲಿ ಗೌರಿ ಲಂಕೇಶರನ್ನು ಮರೆಯಲಾದೀತೆ? 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ತಮ್ಮ ಮನೆಯ ಮುಂದೆ ಅವರು ಗುಂಡಿಗೆ ಬಲಿಯಾದರು. ಅವರ ಕೊನೆಯ ಸಂಪಾದಕೀಯದ ವಿಷಯವೇ ಸುಳ್ಳು ಸುದ್ದಿಗಳ ಹಾವಳಿ. ಅವರು ಸತ್ತ ಮೇಲೂ ಜಾಲತಾಣದಲ್ಲಿ ಸಂಭ್ರಮಿಸಿ ಬೈದವರಿದ್ದರು. ಬೈಗುಳವೇ ಗುಂಡಾಯಿತು ಎಂದು ನಾನು ಹೇಳಲಾರೆ. ಆದರೆ ಒಬ್ಬ ಮನುಷ್ಯಳನ್ನು ದಿನವೂ ಹೀನಾಯ ಮಾಡುತ್ತಾ ಹೋದರೆ ಆಕೆಯ ಸಾವು ಕೂಡ ಕೆಲವರಿಗೆ ತಮಾಷೆಯಾಗುತ್ತದೆ ಎಂಬುದನ್ನು ಅಂದು ಕಂಡೆವು.

2021ರ ಜುಲೈಯಲ್ಲಿ ಒಮ್ಮೆ, 2022ರ ಜನವರಿ 1ರಂದು ಮತ್ತೊಮ್ಮೆ, ಪತ್ರಕರ್ತೆಯರೂ ಸೇರಿದಂತೆ ಮುಸ್ಲಿಂ ಮಹಿಳೆಯರ ಫೋಟೋಗಳನ್ನು ಆ್ಯಪ್‌ನಲ್ಲಿ "ಹರಾಜಿಗೆ" ಇಡಲಾಯಿತು. ಎರಡನೆಯ ಪ್ರಕರಣದಲ್ಲಿ ಬಂಧಿತರಾದವರಲ್ಲಿ ಬೆಂಗಳೂರಿನಲ್ಲಿ ಓದುತ್ತಿದ್ದ 21 ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿಯೂ ಇದ್ದ. ವಿದ್ಯಾರ್ಥಿಗಳೆ, ಆತ ನಿಮ್ಮ ವಯಸ್ಸಿನವನು. ಶಿಕ್ಷಣ ಕೈಗೆ ಕೌಶಲ ಕೊಟ್ಟು ಮನಸ್ಸಿಗೆ ಸಂಸ್ಕಾರ ಕೊಡದಿದ್ದರೆ ಏನಾಗುತ್ತದೆ ನೋಡಿ.

ಜಾಲತಾಣದ ಗದ್ದಲ ಸಂಪಾದಕರನ್ನು ಸುಮ್ಮನಾಗಿಸುವುದಷ್ಟೇ ಅಲ್ಲ, ಕೆಲವೊಮ್ಮೆ ತನ್ನ ಹಿಂದೆಯೇ ಎಳೆದೊಯ್ಯುತ್ತದೆ. 2020ರ ಏಪ್ರಿಲ್‌ನಲ್ಲಿ ಕೊರೋನಾ ಹೆಸರಿನಲ್ಲಿ ಒಂದು ಸಮುದಾಯದ ಮೇಲೆ ಟ್ವಿಟರಿನಲ್ಲಿ ನಡೆದ ದೂಷಣೆಯ ಧಾಟಿ ಟಿ.ವಿ. ವಾಹಿನಿಗಳಲ್ಲೂ ಕೇಳಿಸಿತು. ಬೆಂಗಳೂರಿನ ನಾಗರಿಕರು ದೂರು ಕೊಟ್ಟರು. ಅದರ ಮೇಲೆ ಸುದ್ದಿ ಪ್ರಸಾರಕರ ಪ್ರಾಧಿಕಾರವು 2021ರ ಜೂನ್‌ನಲ್ಲಿ ನ್ಯೂಸ್18 ಕನ್ನಡಕ್ಕೆ 1 ಲಕ್ಷ ರೂಪಾಯಿ, ಸುವರ್ಣ ನ್ಯೂಸ್‌ಗೆ 50 ಸಾವಿರ ರೂಪಾಯಿ ದಂಡ ವಿಧಿಸಿತು. ಬೈಗುಳಕ್ಕೆ ಬೈಗುಳ ಕೊಟ್ಟಿದ್ದರೆ ಈ ಫಲ ಬರುತ್ತಿರಲಿಲ್ಲ. ಸಾಕ್ಷಿ ಸಹಿತ ಕೊಟ್ಟ ದೂರಿಗೆ ಬಂತು.

ತಪ್ಪೆಲ್ಲ ಎದುರಿನವರದು ಎಂದರೆ ಅದು ಪ್ರಾಮಾಣಿಕ ಮಾತಾಗದು. ಲಂಕೇಶ್ ಪತ್ರಿಕೆಯ ವರದಿಗಾರ್ತಿಯಾಗಿದ್ದ ಹಾಸನದ ಬಾನು ಮುಷ್ತಾಕ್ ಅವರು ಮಹಿಳೆಯರ ಮಸೀದಿ ಪ್ರವೇಶದ ಪರವಾಗಿ ಮಾತನಾಡಿದ್ದಕ್ಕೆ 2000ದಲ್ಲಿ ಬಹಿಷ್ಕಾರ, ಫೋನಿನ ಬೆದರಿಕೆ ಎದುರಿಸಿದರು. ಅಂದು ಬೆದರಿಸಿದವರು ನಮ್ಮವರೇ. 2025ರಲ್ಲಿ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಮೈಸೂರು ದಸರಾ ಉದ್ಘಾಟನೆಗೆ ಕರೆ ಬಂದಾಗ ಬೇರೆ ಕಡೆಯವರು ಜಾಲತಾಣದಲ್ಲಿ ಹರಿಹಾಯ್ದರು. ಅವರು ಎರಡನ್ನೂ ದಾಟಿ ನಿಂತರು. ಆದರೆ ಎಲ್ಲರಿಗೂ ಅಂಥ ಧೈರ್ಯ ಇರುವುದಿಲ್ಲ. ಧೈರ್ಯವಿಲ್ಲದವರೂ ನಿಜ ಬರೆಯುವಂಥ ವಾತಾವರಣ ಇರಬೇಕು.

ಹಾಗಾದರೆ ಏನು ಮಾಡಬೇಕು? ಟೀಕೆ ಬೇರೆ, ಕಿರುಕುಳ ಬೇರೆ. ಸುದ್ದಿಯಲ್ಲಿ ತಪ್ಪಿದ್ದರೆ ಓದುಗರು ತೋರಿಸಲಿ, ಸಂಪಾದಕರು ತಿದ್ದಲಿ. ಆದರೆ ಸುದ್ದಿ ನಿಜವೇ, ಜನರಿಗೆ ಬೇಕೇ, ಎರಡೂ ಕಡೆಯವರ ಮಾತು ಕೇಳಿದ್ದೇವೆಯೇ ಎಂಬುದರ ಮೇಲೆ ತೀರ್ಮಾನವಾಗಲಿ. ಎಷ್ಟು ಜನ ಬೈದರು ಎಂಬುದರ ಮೇಲೆ ಬೇಡ. ಬೆದರಿಕೆ ಬಂದರೆ ಸಂದೇಶ ಅಳಿಸಬೇಡಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಮನೆಯವರಿಗೂ ಸಂಪಾದಕರಿಗೂ ತಿಳಿಸಿ, ಪೊಲೀಸರಿಗೆ ದೂರು ಕೊಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಬೆದರಿಕೆಗೆ 351ನೇ ಕಲಂ, ಹೆಣ್ಣುಮಕ್ಕಳ ಬೆನ್ನು ಹತ್ತುವವರಿಗೆ 78ನೇ ಕಲಂ ಇದೆ.

2023ರ ಜೂನ್ 7ರಂದು ನೆರೆಯ ಕೊಲ್ಹಾಪುರದಲ್ಲಿ ಮೊಬೈಲಿನ ಸ್ಟೇಟಸ್‌ನಿಂದ ಗಲಭೆಯಾಗಿ ಇಂಟರ್ನೆಟ್ ಬಂದ್ ಆದದ್ದು ನಿಮಗೆ ನೆನಪಿದೆ. ಅಂಥ ದಿನ ನಿಜ ಯಾವುದು ಎಂದು ಹೇಳಲು ಹೆದರದ ಒಬ್ಬ ವರದಿಗಾರ ಊರಿಗೆ ಬೇಕು. ಬಂದ ಸುದ್ದಿಯನ್ನು ಪರಿಶೀಲಿಸಿ ನೋಡಬೇಕೆಂಬ ಆಜ್ಞೆ ಕುರ್‌ಆನಿನ ಹುಜುರಾತ್ ಅಧ್ಯಾಯದಲ್ಲೇ ಇದೆ. ಫಾರ್ವರ್ಡ್ ಒತ್ತುವ ಮುಂಚೆ ನಮ್ಮ ಬೆರಳಿಗೂ ಅದು ಅನ್ವಯಿಸುತ್ತದೆ.

ಪಾಲಕರಲ್ಲಿ ನನ್ನ ವಿನಂತಿ ಇಷ್ಟೆ. ಮಗಳು ವರದಿಗಾರ್ತಿ ಆಗುತ್ತೇನೆಂದರೆ ತಡೆಯಬೇಡಿ, ಅವಳ ಬೆನ್ನಿಗೆ ನಿಲ್ಲಿರಿ. ಅವಳಿಗೆ ಬೈಯುವ ಗುಂಪಿನಲ್ಲಿ ನಮ್ಮ ಮಗ ಇರದಂತೆಯೂ ನೋಡಿಕೊಳ್ಳಿರಿ.  ಜೈ ಹಿಂದ್, ಜೈ ಕರ್ನಾಟಕ.