ಕಿತ್ತೂರಿಗೆ ಬಂದ ಎಕ್ಸ್‌ಚೇಂಜು



ಕಿತ್ತೂರು ಎಂದೊಡನೆ 1824ರ ಕಾಳಗ ಕಣ್ಣ ಮುಂದೆ ಬರುತ್ತದೆ, ರಾಣಿ ಚೆನ್ನಮ್ಮ ಬರುತ್ತಾಳೆ. ಆ ಊರಿಗೆ 1986 ಕೂಡ ದೊಡ್ಡ ವರ್ಷವೇ, ಆದರೆ ಅದನ್ನು ನಾವು ಮಕ್ಕಳಿಗೆ ಹೇಳುವುದಿಲ್ಲ. ನಮ್ಮ ದೇಶದ ಎಂಜಿನಿಯರುಗಳೇ ರೂಪಿಸಿದ ಗ್ರಾಮೀಣ ಸ್ವಯಂಚಾಲಿತ ಟೆಲಿಫೋನ್ ಎಕ್ಸ್‌ಚೇಂಜು ಮೊದಲು ಕೆಲಸಕ್ಕೆ ಇಳಿದದ್ದು ಆ ವರ್ಷ, ಇದೇ ಕಿತ್ತೂರಿನಲ್ಲಿ.

ಅದಕ್ಕೂ ಹಿಂದೆ ಪರಊರಿಗೆ ಮಾತಾಡಬೇಕೆಂದರೆ ಟ್ರಂಕ್ ಕಾಲ್ ಬುಕ್ ಮಾಡಿ ಕೂಡಬೇಕು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್: ರೊಕ್ಕ ಹೆಚ್ಚಾದಷ್ಟು ಕಾಯುವುದು ಕಡಿಮೆ. ಬೈಲಹೊಂಗಲದ ಹತ್ತಿ ಪೇಟೆಯವರಿಗೂ ರಾಮದುರ್ಗದ ನೇಕಾರರಿಗೂ ದೂರದ ಊರಿನ ದರ ಬೇಗ ತಿಳಿಯುವುದೇ ಬದುಕು. ಅಂಥವರಿಗೆ ಆ ಕಾಯುವಿಕೆ ನಷ್ಟದ ಬಾಬತ್ತು.

ನಗರದ ಎಕ್ಸ್‌ಚೇಂಜನ್ನೇ ತಂದು ಇಲ್ಲಿ ಕೂಡಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ವಿದೇಶದಿಂದ ಬರುತ್ತಿದ್ದ ಆ ಯಂತ್ರಗಳಿಗೆ ಹವಾನಿಯಂತ್ರಿತ ಕೋಣೆ ಬೇಕು, ತಪ್ಪದ ಕರೆಂಟು ಬೇಕು, ಸಾವಿರಾರು ಗ್ರಾಹಕರೂ ಬೇಕು. ನಮ್ಮಲ್ಲಿದ್ದದ್ದು ಧೂಳು, ಬಿಸಿಲು, ಹೋಗಿಬರುವ ವಿದ್ಯುತ್ತು. 1984ರ ಆಗಸ್ಟಿನಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆ ಈ ಕೊರತೆಗಳನ್ನೇ ಲೆಕ್ಕಕ್ಕೆ ಹಿಡಿದು ಯಂತ್ರ ಕಟ್ಟಿತು. ಸ್ಯಾಮ್ ಪಿತ್ರೋಡಾ, ಜಿ. ಬಿ. ಮೀಮಾಂಸಿ ಮುಂದಾಳುಗಳು, ಕೆಲಸ ಮಾಡಿದವರು ಬಹುಪಾಲು ಎಳೆಯ ಎಂಜಿನಿಯರುಗಳು. ಕೊಟ್ಟ ಗಡುವು 36 ತಿಂಗಳು, ಹಣ 36 ಕೋಟಿ ರೂಪಾಯಿ. ಕಡಿಮೆ ವಿದ್ಯುತ್ತು ಉಣ್ಣುವ ಚಿಪ್ಪುಗಳನ್ನು ಆರಿಸಿದ್ದರಿಂದ ಒಳಗೆ ಕಾವು ಏರಲಿಲ್ಲ. ಸುತ್ತಲಿನ ಗಾಳಿಯೇ ತಂಪಿಗೆ ಸಾಕಾಯಿತು. ಧೂಳು ನುಗ್ಗದ ಗಟ್ಟಿ ಲೋಹದ ಪೆಟ್ಟಿಗೆ, ತಂತಿ ಜೋಡಿಸಲು 128 ತುದಿಗಳು. ಅವುಗಳಲ್ಲಿ ಕೆಲವು ಹೊರಊರಿನ ಜೋಡಣೆಗೆ, ಮಿಕ್ಕವು ಊರಿನ ಫೋನುಗಳಿಗೆ.

ನನಗೆ ಅದರಲ್ಲಿ ತುಂಬ ಹಿಡಿಸುವ ಗುಣ ಒಂದಿದೆ. ಊರೊಳಗಿನ ಕರೆಯನ್ನು ಆ ಪೆಟ್ಟಿಗೆ ಊರೊಳಗೇ ಜೋಡಿಸುತ್ತಿತ್ತು. ಹೊರಗಿನ ತಂತಿ ಹರಿದರೂ ದವಾಖಾನೆಗೆ, ಪೊಲೀಸ್ ಠಾಣೆಗೆ ಫೋನು ಹೋಗುತ್ತಿತ್ತು. ಇಂದು ಪಕ್ಕದ ಓಣಿಗೆ ವಾಟ್ಸಾಪ್ ಕಳಿಸಿದರೂ ಅದು ದೂರದ ಸರ್ವರ್ ಮುಟ್ಟಿಯೇ ಮರಳಬೇಕು. ಆ ದಾರಿ ಕಡಿದರೆ? 2022ರ ಜನವರಿಯಲ್ಲಿ ಟೊಂಗಾ ಎಂಬ ದ್ವೀಪರಾಷ್ಟ್ರದ ಬಳಿ ಜ್ವಾಲಾಮುಖಿ ಸಿಡಿದು ಅದರ ಏಕೈಕ ಅಂತರರಾಷ್ಟ್ರೀಯ ಸಮುದ್ರ ಕೇಬಲ್ ತುಂಡಾಯಿತು. ಅದು ಮತ್ತೆ ಜೀವ ಪಡೆಯಲು ಸುಮಾರು ಐದು ವಾರ ಹಿಡಿಯಿತು. ಒಂದೇ ಎಳೆಯನ್ನು ನೆಚ್ಚಿಕೊಂಡ ಯಾವ ಊರೂ ದ್ವೀಪವೇ, ಸುತ್ತ ಕಡಲಿರಬೇಕೆಂದಿಲ್ಲ.

ನಮ್ಮ ಸುತ್ತಲಿನ ಊರುಗಳನ್ನೇ ನೋಡಿ. ಕಿತ್ತೂರು ಪುಣೆ-ಬೆಂಗಳೂರು ಹೆದ್ದಾರಿಯ ಮೇಲಿದೆ. ಆದರೆ ಸವದತ್ತಿ, ರಾಮದುರ್ಗ ಒಳನಾಡಿನವು. 2019ರ ಆಗಸ್ಟಿನಲ್ಲಿ ಮಲಪ್ರಭಾ ಹೊಳೆ ಉಕ್ಕಿದ್ದನ್ನು ಅಲ್ಲಿನವರು ಮರೆತಿಲ್ಲ. ಆದ್ದರಿಂದ ಪಂಚಾಯಿತಿಗೆ ಭಾರತ್‌ನೆಟ್ ಯೋಜನೆಯ ಇಂಟರ್ನೆಟ್ ಎಳೆ ಬಂತೇ ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ಹೊಳೆ ಏರಿದ ದಿನ ಬಳಸಲು ಇನ್ನೊಂದು ದಿಕ್ಕಿನಿಂದ ಎರಡನೆಯ ಎಳೆ ಇದೆಯೇ ಎಂದೂ ಗ್ರಾಮಸಭೆಯಲ್ಲಿ ಕೇಳಿ.