ಸ್ಕೇಲು ಹಿಡಿದು ಮೀನಂಗಡಿಗೆ ಹೋಗಿ

ಕೆದಂಬಾಡಿಯ ಹುಡುಗ ಹುಡುಗಿಯರೇ, ಕಡಲಿನ ಚಿಂತೆ ಮೊಗವೀರರದ್ದು, ಬೋಟಿನವರದ್ದು, ಅಡಿಕೆ ತೋಟದವರಿಗೆ ಅದರ ಗೊಡವೆ ಯಾಕೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಮಂಗಳೂರಿನ ದಕ್ಕೆಯಲ್ಲಿ ಇಳಿದ ಬೂತಾಯಿ, ಬಂಗುಡೆ ಘಟ್ಟದ ಬುಡದವರೆಗೂ ಬರುತ್ತದೆ, ನಮ್ಮ ಬಟ್ಟಲಿಗೂ ಬೀಳುತ್ತದೆ. ತಿನ್ನುವವರು ನಾವು. ಲೆಕ್ಕ ಕೇಳಬೇಕಾದವರೂ ನಾವೇ.

ಕಡಲೊಳಗಿನ ಮೀನನ್ನು ಒಂದೊಂದಾಗಿ ಎಣಿಸಲು ಯಾರಿಂದಲೂ ಆಗದು. ಆದರೆ ಬಲೆಗೆ ಬಿದ್ದ ಮೀನು ಉಳಿದವುಗಳ ಪರವಾಗಿ ಸಾಕ್ಷಿ ಹೇಳುತ್ತದೆ. ರೈನರ್ ಫ್ರೋಸೆ ಎಂಬ ಜರ್ಮನ್ ವಿಜ್ಞಾನಿ 2004ರಲ್ಲಿ ಇದಕ್ಕೆ ಮೂರೇ ಸೂಚಕ ಸಾಕು ಎಂದರು. ಹಿಡಿದ ಮೀನಿನಲ್ಲಿ ಮೊಟ್ಟೆಯಿಡುವ ಪ್ರಾಯಕ್ಕೆ ಬಂದವು ಎಷ್ಟು? ಹಿಡಿಯಲು ತಕ್ಕ ಗಾತ್ರಕ್ಕೆ ಬೆಳೆದವು ಎಷ್ಟು? ರಾಶಿ ರಾಶಿ ಮೊಟ್ಟೆಯಿಡುವ ದೊಡ್ಡ, ಹಳೆಯ ತಾಯಿಮೀನುಗಳು ಎಷ್ಟು? ಈ ಲೆಕ್ಕಕ್ಕೆ ಹಡಗು ಬೇಡ, ಉಪಗ್ರಹವೂ ಬೇಡ.

ಮನೆಯಲ್ಲೇ ಮಾಡಿ ನೋಡಿ. ಬಂಗುಡೆಯನ್ನು ಸ್ಕೇಲಿನ ಪಕ್ಕ ನೀಟಾಗಿ ಮಲಗಿಸಿ, ಮೂತಿಯ ತುದಿಯಿಂದ ಬಾಲದ ತುದಿಯವರೆಗೆ ಅಳೆಯಿರಿ. ಅಮ್ಮ ಹೊಟ್ಟೆ ಸೀಳುವಾಗ ಹತ್ತಿರ ಕೂತು ನೋಡಿ. ಬೆನ್ನಮೂಳೆಯ ಕೆಳಗೆ ಎರಡು ಎಸಳು ಕಾಣುತ್ತವೆ. ಹಳದಿ ಬಣ್ಣಕ್ಕೆ ತಿರುಗಿ, ಒಳಗೆ ಕಾಳುಕಾಳಾಗಿ ಮೊಟ್ಟೆ ಕಂಡರೆ ಅದು ಬಲಿತ ಹೆಣ್ಣು, ಬೆಳ್ಳಗೆ ಹಾಲಿನಂತಿದ್ದರೆ ಬಲಿತ ಗಂಡು. ದಾರದ ಎಳೆಯಷ್ಟು ತೆಳ್ಳಗಿದ್ದರೆ ಆ ಮೀನು ಇನ್ನೂ ಎಳೆಯದಿರಬಹುದು. ಒಮ್ಮೆಯೂ ಸಂತಾನ ಮಾಡದೆ ಸಾರಿಗೆ ಬಂದ ಮೀನು ಎಷ್ಟೆಂದು ಬರೆದಿಡಿ.

ಒಂದು ಬುಟ್ಟಿ ನೋಡಿ ಕಡಲು ಬರಿದಾಯಿತು ಎಂದು ಕೂಗಬೇಡಿ. ಮೀನು ನಿಮ್ಮ ಕೈಗೆ ಬರುವ ಮೊದಲೇ ಗಾತ್ರ ನೋಡಿ ಬೇರ್ಪಡಿಸಿರುತ್ತಾರೆ. ಹಾಗಾಗಿಯೇ 1947ರಲ್ಲಿ ಹುಟ್ಟಿದ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಸಿಬ್ಬಂದಿ ನೇರ ದಕ್ಕೆಗೇ ಹೋಗುತ್ತಾರೆ. ಬೋಟುಗಳನ್ನು ಆರಿಸಿ, ಯಾವ ಬಲೆ, ಎಷ್ಟು ಗಂಟೆ, ಎಷ್ಟು ಮೀನು ಎಂದು ದಾಖಲಿಸುತ್ತಾರೆ. ಈ ಗಂಟೆಯ ಲೆಕ್ಕ ಬಹಳ ಮುಖ್ಯ. ಮೊದಲು ಒಂದು ದಿನದಲ್ಲಿ ಸಿಗುತ್ತಿದ್ದ ಮೀನಿಗೆ ಈಗ ಹತ್ತು ದಿನ ಅಲೆಯಬೇಕಾದರೆ, ದಕ್ಕೆಯಲ್ಲಿ ರಾಶಿ ಅಷ್ಟೇ ಇದ್ದರೂ ಕಡಲು ಸೊರಗಿದೆ ಎಂದೇ ಅರ್ಥ. ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ ಕಡಲಿನ ಲೆಕ್ಕ ತಪ್ಪಿತು. 1992ರಲ್ಲಿ ಕಾಡ್ ಎಂಬ ಮೀನು ಹಿಡಿಯುವುದನ್ನೇ ನಿಲ್ಲಿಸಬೇಕಾಯಿತು, ಸಾವಿರಾರು ಮನೆಗಳ ದುಡಿಮೆ ಹೋಯಿತು.

ನಮ್ಮ ಕರಾವಳಿಯ ಪಾಠ ಬೂತಾಯಿಯದ್ದು. ಪಕ್ಕದ ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಸಿಕ್ಕ ಮೀನು 2021ರಲ್ಲಿ ಮೂರು ಸಾವಿರ ಚಿಲ್ಲರೆ ಟನ್ನಿಗೆ ಇಳಿಯಿತು. ಕಡಲಿನ ಏರುಪೇರು ಒಂದು ಕಡೆ, ಮರಿಗಳನ್ನೂ ಬಿಡದೆ ಬಾಚಿದ್ದು ಇನ್ನೊಂದು ಕಡೆ. ಬೂತಾಯಿ ಹತ್ತು ಸೆಂಟಿಮೀಟರಿಗಿಂತ, ಬಂಗುಡೆ ಹದಿನಾಲ್ಕಕ್ಕಿಂತ ಚಿಕ್ಕದಿದ್ದರೆ ಹಿಡಿಯಬಾರದು ಎಂದು ಕೇರಳ 2015ರಲ್ಲೇ ನಿಯಮ ಮಾಡಿತ್ತು. ಕೊಳ್ಳುವವರಿಗೇ ಅಳತೆ ಗೊತ್ತಿಲ್ಲದಿದ್ದರೆ ನಿಯಮಕ್ಕೆ ಬಲ ಎಲ್ಲಿಂದ ಬರಬೇಕು?

ಎದೆಗುಂದಬೇಡಿ. 2022ರಲ್ಲಿ ಅದೇ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ದೇಶದ ಕಡಲಿನ 135 ಮೀನು ಗುಂಪುಗಳನ್ನು (ಸ್ಟಾಕ್) ಪರೀಕ್ಷಿಸಿ, ಶೇ 91.1ರಷ್ಟು ಸುಸ್ಥಿರವಾಗಿವೆ ಎಂದಿತು. ಕೆಟ್ಟುಹೋದ ಮೇಲೆ ಅಳುವ ಕೆಲಸವಲ್ಲ, ಚೆನ್ನಾಗಿರುವುದನ್ನು ಕಾಯುವ ಕೆಲಸ ನಿಮ್ಮ ಪಾಲಿಗೆ ಬಂದಿದೆ. ಇದಕ್ಕಿಂತ ದೊಡ್ಡ ಭಾಗ್ಯ ನನಗೆ ತೋಚುವುದಿಲ್ಲ.

1837ರಲ್ಲಿ ಬ್ರಿಟಿಷರ ವಿರುದ್ಧ ಎದ್ದ, ಕೆದಂಬಾಡಿಯ ಹೆಸರು ಹೊತ್ತ ರಾಮಯ್ಯ ಗೌಡರ ದಂಡು ಮಂಗಳೂರಿನ ಬಾವುಟಗುಡ್ಡೆಯವರೆಗೆ ನಡೆದೇ ಹೋಗಿತ್ತು. ಆ ಗುಡ್ಡೆಯಿಂದ ಕೆಳಗಿಳಿದರೆ ದಕ್ಕೆ ದೂರವಿಲ್ಲ. ನೀವೂ ಹೋಗಿ. 1969ರಿಂದ ಮಂಗಳೂರಿನಲ್ಲೇ ಮೀನುಗಾರಿಕಾ ಕಾಲೇಜು ಇದೆ, ಪಿಯುಸಿ ವಿಜ್ಞಾನ ಓದುವವರು ಮೆಡಿಕಲ್, ಎಂಜಿನಿಯರಿಂಗ್ ಜೊತೆಗೆ ಅದನ್ನೂ ಪಟ್ಟಿಗೆ ಸೇರಿಸಿ. ಉಳಿದವರು ಶಾಲೆಯಲ್ಲೇ ಒಂದು ತಂಡ ಕಟ್ಟಿ. ಜೂನ್, ಜುಲೈ ರಜೆ ಮುಗಿಸಿ ಆಗಸ್ಟಿನಲ್ಲಿ ಬೋಟುಗಳು ಕಡಲಿಗೆ ಇಳಿಯುತ್ತವೆ. ಆ ವಾರದಿಂದಲೇ ಒಂದೇ ಅಂಗಡಿಯಲ್ಲಿ, ಪ್ರತಿ ಭಾನುವಾರ, ಇಪ್ಪತ್ತೈದು ಬಂಗುಡೆ ಅಳೆದು ತಾರೀಕು ಹಾಕಿ ಬರೆಯಿರಿ. ವರ್ಷ ತುಂಬಿದಾಗ ಆ ಪುಸ್ತಕ ಹಿಡಿದು ಮಂಗಳೂರಿನ ವಿಜ್ಞಾನಿಗಳ ಎದುರು ಕೂತು, ನಮ್ಮ ಅಳತೆ ನಿಮ್ಮ ಅಳತೆಗೆ ಕೂಡುತ್ತದೆಯೇ ಎಂದು ಕೇಳಿ.